‘ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್’: ಹಾಸ್ಟೆಲ್ ವಾರ್ಡನ್ ಒಬ್ಬಳ ಓದು

ಗ್ರೇಸ್ ಫೀಲ್ಡ್ ಹೌಸ್ ಎಂಬ ಅನಾಥಾಲಯದಲ್ಲಿ 38 ಮಕ್ಕಳಿದ್ದಾರೆ. ಮೈಮೇಲೆ ಬೆಳ್ಳಗೆ ಒಗೆದ ಬಟ್ಟೆ, ತಟ್ಟೆಯಲ್ಲಿ ಬಿಸಿ ಊಟ, ಮೆತ್ತನೆ ಹಾಸಿಗೆ, ಕುಣಿದಾಡಲು ಬಯಲು, ಅದರಾಚೆ ಕಾಡು, ಮಳೆ ಬಂದರೆ ಕೂತು ಓದಲು ಮನೆಯಲ್ಲೇ ಗ್ರಂಥಾಲಯ. ಹೊಡೆಯುವವರಿಲ್ಲ, ಹಸಿವಿಲ್ಲ, ಹಂಗಿನ ಮಾತಿಲ್ಲ. ಮನೆ ನೋಡಿಕೊಳ್ಳುವ ಇಸಬೆಲ್ಲಾಳನ್ನು ಎಲ್ಲ ಮಕ್ಕಳೂ ಅಮ್ಮ ಎಂದೇ ಕೂಗುತ್ತಾರೆ. ಆಗಾಗ ಒಂದು ಮಗುವಿಗೆ ಸಾಕುವ ಮನೆ ಸಿಗುತ್ತದೆ. ಅದು ಹೊಸ ಬಟ್ಟೆ ತೊಟ್ಟು, ಎಲ್ಲರನ್ನೂ ತಬ್ಬಿಕೊಂಡು, ರಾತ್ರಿ ಹೊತ್ತು ಅಮ್ಮನ ಕೈ ಹಿಡಿದು ಗೇಟಿನ ಕಡೆ ನಡೆದುಹೋಗುತ್ತದೆ. ಹಾಗೆ ಹೋದವರು ಯಾರೂ ಒಂದು ಕಾಗದವನ್ನೂ ಬರೆಯುವುದಿಲ್ಲ. ‘ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್’ ಎಂಬ ಜಪಾನಿ ಮಾಂಗಾ, ಅಂದರೆ ಚಿತ್ರಕಥೆ, ಶುರುವಾಗುವುದು ಇಲ್ಲಿಂದ.

ನನಗೆ ಮೊದಲು ಕಸಿವಿಸಿ ಹುಟ್ಟಿಸಿದ್ದು ಆ ಕಾಗದದ ಮಾತೇ. ನಾನು ಮಂಡ್ಯದಲ್ಲಿ ಬಾಲಕಿಯರ ಹಾಸ್ಟೆಲ್ ಒಂದರ ವಾರ್ಡನ್. ಇಲ್ಲಿ ಓದಿ ಹೋದ ಹೆಣ್ಣುಮಕ್ಕಳು ಮದುವೆ ಕಾರ್ಡು ಹಿಡಿದು ಬರುತ್ತಾರೆ, ಕೆಲಸ ಸಿಕ್ಕಿದರೆ ಫೋನ್ ಮಾಡುತ್ತಾರೆ, ಏನೂ ಇಲ್ಲದಿದ್ದರೆ ಸಂಕ್ರಾಂತಿಗೊಂದು ವಾಟ್ಸಾಪ್ ಸಂದೇಶವಾದರೂ ಬರುತ್ತದೆ. ಹೋದ ಅಷ್ಟೂ ಮಕ್ಕಳಲ್ಲಿ ಒಂದೂ ತಿರುಗಿ ಮಾತಾಡಿಸಲಿಲ್ಲ ಎಂದರೆ, ಮಕ್ಕಳನ್ನು ಸಾಕಿ ಗೊತ್ತಿರುವವರ ಎದೆ ಝಲ್ ಎನ್ನುತ್ತದೆ. ಇದನ್ನು ಬರೆದವರು ಮಕ್ಕಳಿರುವ ಮನೆಯೊಂದನ್ನು ಒಳಗಿನಿಂದ ಯೋಚಿಸಿ ಬರೆದಿದ್ದಾರೆ ಎಂದು ನನಗೆ ಅಲ್ಲೇ ಅನ್ನಿಸಿತು.

ಪುಸ್ತಕ ನನ್ನ ಕೈಗೆ ಬಂದದ್ದು ದ್ವಿತೀಯ ಪಿಯುಸಿ ಓದುವ ಹುಡುಗಿಯೊಬ್ಬಳಿಂದ. ಸ್ಟಡಿ ಅವರ್‌ನಲ್ಲಿ ಪಠ್ಯಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿದ್ದಳು. “ಇದೇನವ್ವ, ಹಿಂದ್ಲಿಂದ ಮುಂದಕ್ಕೆ ಓದ್ತಾ ಇದ್ದೀಯಲ್ಲ” ಅಂದೆ. “ಇದ್ನ ಹಿಂಗೇ ಓದೋದು ಕಣ್ ಮೇಡಂ. ನೀವು ಒಂದ್ಸಲ ಓದ್ಬೇಕು. ನಿಮ್ ಥರದವ್ರೇ ಒಬ್ರು ಅವ್ರೆ ಇದ್ರಲ್ಲಿ” ಅಂದಳು. ಆ ‘ನಿಮ್ ಥರದವ್ರು’ ಯಾರು ಎಂದು ತಿಳಿಯುವ ಹೊತ್ತಿಗೆ ನಾನು ಮೊದಲ ಸಂಪುಟ ಮುಗಿಸಿ ಎರಡನೆಯದನ್ನು ಕೇಳುತ್ತಿದ್ದೆ. ಉಳಿದವನ್ನು ಮೈಸೂರಿಗೆ ಹೋದಾಗಲೆಲ್ಲ ಒಂದೆರಡರಂತೆ ಕೊಂಡು, ಬರುವಾಗ ರೈಲಿನಲ್ಲೇ ತೆರೆದು ಕೂತು, ಇಪ್ಪತ್ತನ್ನೂ ಓದಿದ್ದೇನೆ.

ಕಥೆ ಬರೆದವರು ಕೈಯು ಶಿರಾಯಿ, ಚಿತ್ರ ಬರೆದವರು ಪೊಸುಕಾ ದೆಮಿಜು. ಜಪಾನಿನ ಶುಯೇಶಾ ಪ್ರಕಾಶನದ ‘ವೀಕ್ಲಿ ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ 2016ರ ಆಗಸ್ಟ್‌ನಿಂದ 2020ರ ಜೂನ್‌ವರೆಗೆ 181 ಅಧ್ಯಾಯಗಳಲ್ಲಿ ಧಾರಾವಾಹಿಯಾಗಿ ಬಂತು. ಹುಡುಗರ ಪತ್ರಿಕೆ ಅದು, ಹೊಡೆದಾಟ ಪಂದ್ಯಾಟದ ಕಥೆಗಳಿಗೆ ಹೆಸರಾದದ್ದು. ಅಂಥದ್ದರಲ್ಲಿ ಹನ್ನೊಂದು ವರ್ಷದ ಹೆಣ್ಣುಮಗುವನ್ನು ನಾಯಕಿಯಾಗಿ ಇಟ್ಟುಕೊಂಡು, ತೋಳ್ಬಲಕ್ಕೆ ಬದಲು ಬುದ್ಧಿಬಲ ನಂಬಿ ನಡೆದ ಕಥೆ ಇದು. 2018ರಲ್ಲಿ ಶೋಗಾಕುಕಾನ್ ಮಾಂಗಾ ಪ್ರಶಸ್ತಿ ಬಂತು. ಇಂಗ್ಲಿಷಿನಲ್ಲಿ ವಿಜ್ ಮೀಡಿಯಾದವರು ತಂದಿದ್ದಾರೆ. ನಾನು ಓದಿದ್ದು ಅದನ್ನೇ. ಒಂದು ಸಂಪುಟಕ್ಕೆ ನಾನು ಕೊಟ್ಟದ್ದು ನಾನೂರರಿಂದ ಐನೂರು ರೂಪಾಯಿಯ ಆಸುಪಾಸು. ಇಂಗ್ಲಿಷ್ ಸರಳವಾಗಿದೆ, ನಮ್ಮ ಪಿಯುಸಿ ಮಕ್ಕಳು ತಡವರಿಸದೆ ಓದುತ್ತಾರೆ. ಬಲದಿಂದ ಎಡಕ್ಕೆ ಓದುವುದು ನಾಲ್ಕು ಪುಟ ತೊಡಕು, ಆಮೇಲೆ ಕಣ್ಣು ತಾನೇ ದಾರಿ ಹಿಡಿಯುತ್ತದೆ.

ಇನ್ನು ಮುಂದೆ ಮೊದಲ ಅಧ್ಯಾಯದ ಗುಟ್ಟನ್ನೂ ಮೊದಲ ಐದು ಸಂಪುಟದ ಒಂದೆರಡು ಘಟನೆಗಳನ್ನೂ ಹೇಳಲೇಬೇಕು. ಏನೂ ತಿಳಿಯದೆ ಓದಬೇಕೆನ್ನುವವರು ಇಲ್ಲಿಗೆ ನಿಲ್ಲಿಸಿ, ಮೊದಲ ಸಂಪುಟ ಓದಿ ಬನ್ನಿ. ಕೊನೆ ಏನಾಯಿತೆಂದು ನಾನು ಎಲ್ಲೂ ಹೇಳುವುದಿಲ್ಲ.

ಆರು ವರ್ಷದ ಕೋನಿ ಎಂಬ ಮಗು ಮನೆ ಬಿಟ್ಟು ಹೊರಡುವಾಗ ತನ್ನ ಬಟ್ಟೆಯ ಮೊಲವನ್ನು ಮರೆತು ಹೋಗುತ್ತದೆ. ಅದನ್ನು ತಲುಪಿಸಲು ಎಮ್ಮಾ ಮತ್ತು ನಾರ್ಮನ್ ಎಂಬ ಇಬ್ಬರು ದೊಡ್ಡ ಮಕ್ಕಳು ಗೇಟಿನ ಬಳಿಗೆ ಓಡುತ್ತಾರೆ. ಅತ್ತ ಹೋಗಕೂಡದು ಎನ್ನುವುದು ಅಮ್ಮ ಹಾಕಿದ ಕಟ್ಟಳೆ. ಅಲ್ಲಿ ನಿಂತ ಗಾಡಿಯಲ್ಲಿ ಕೋನಿಯ ಹೆಣ ಇರುತ್ತದೆ, ಎದೆಗೆ ಒಂದು ಹೂ ನೆಟ್ಟಿರುತ್ತದೆ. ಗಾಡಿಯ ಸುತ್ತ ನಿಂತವರು ಮನುಷ್ಯರಲ್ಲ, ಮನುಷ್ಯರನ್ನು ತಿನ್ನುವ ರಾಕ್ಷಸರು. ಆ ಅನಾಥಾಲಯ ನಿಜದಲ್ಲಿ ಒಂದು ಸಾಕಣೆ ಕೇಂದ್ರ. ಮಕ್ಕಳು ದಿನವೂ ಬರೆಯುತ್ತಿದ್ದ ಪರೀಕ್ಷೆ ಮಿದುಳು ಎಷ್ಟು ಬಲಿತಿದೆ ಎಂದು ನೋಡಲು ಇಟ್ಟದ್ದು, ಏಕೆಂದರೆ ರಾಕ್ಷಸರಿಗೆ ಮಿದುಳೇ ಅತಿ ರುಚಿ. ಅಂಕ ಕಡಿಮೆ ಬಂದವರು ಆರು ವರ್ಷ ತುಂಬಿದ ಮೇಲೆ ಮೊದಲು ಹೋಗುತ್ತಾರೆ. ಪೂರ್ತಿ ಅಂಕ ತೆಗೆಯುವವರನ್ನು ಹನ್ನೆರಡರವರೆಗೂ ಉಳಿಸುತ್ತಾರೆ. ಅಂಕ ಹೆಚ್ಚಿದಷ್ಟು ಆಯುಸ್ಸು ಹೆಚ್ಚು, ಬೆಲೆಯೂ ಹೆಚ್ಚು. ಇದೆಲ್ಲದರ ಲೆಕ್ಕ ಇಟ್ಟು ಮಕ್ಕಳನ್ನು ಗೇಟಿನವರೆಗೆ ಕರೆತಂದು ಒಪ್ಪಿಸುವವಳು ಅಮ್ಮ.

ರಾಕ್ಷಸರ ಕಥೆ ಹೊಸದಲ್ಲ. ನಮ್ಮ ಕಡೆ ಬಕಾಸುರನಿಗೆ ಬಂಡಿ ಅನ್ನದ ಜೊತೆ ಮನೆಗೊಬ್ಬರನ್ನು ಕಳಿಸುವ ಕಥೆ ಕೇಳದ ಮಗುವಿಲ್ಲ. ಆದರೆ ಅಲ್ಲಿ ಊರಿನವರು ಅಳುತ್ತಾ ಕಳಿಸುತ್ತಾರೆ, ತಾವು ಕಳಿಸುತ್ತಿರುವುದು ಎಲ್ಲಿಗೆ ಎಂದು ಹೋಗುವವರಿಗೂ ಗೊತ್ತು. ಈ ಕಥೆಯ ಭಯಾನಕ ಸಂಗತಿ ಇಸಬೆಲ್ಲಾಳ ನಗು. ಅವಳು ಕೆಟ್ಟ ಮಲತಾಯಿಯಲ್ಲ. ಜ್ವರ ಬಂದ ಮಗುವಿನ ಪಕ್ಕ ಕೂರುತ್ತಾಳೆ, ತಲೆ ಬಾಚುತ್ತಾಳೆ, ಸಂಜೆ ಕಾಡಿನಿಂದ ಬಂದ ಮಕ್ಕಳನ್ನು ಎಣಿಸಿ ಒಂದು ಕಡಿಮೆಯಾದರೆ ತಾನೇ ಹುಡುಕಿ ಎತ್ತಿಕೊಂಡು ಬರುತ್ತಾಳೆ. ಒಂದು ಸಂದರ್ಭದಲ್ಲಿ ಎಮ್ಮಾಳ ಕಾಲನ್ನು ತಾನೇ ಮುರಿಯುತ್ತಾಳೆ, ಓಡಿಹೋಗದಿರಲಿ ಎಂದು. ಅದೇ ಕೈಯಿಂದ ಪಟ್ಟಿ ಕಟ್ಟಿ ಆರೈಕೆ ಮಾಡುತ್ತಾಳೆ. ಎರಡರಲ್ಲೂ ಮುಖಭಾವ ಒಂದೇ. ಆ ಪುಟ ನೋಡಿ ನಾನು ಪುಸ್ತಕ ಮುಚ್ಚಿಟ್ಟು ಅಡುಗೆಮನೆಗೆ ಹೋಗಿ, ರಾತ್ರಿಯ ಮುದ್ದೆಗೆ ಎಸರು ಇಟ್ಟಿದ್ದಾರಾ ಎಂದು ನೋಡಿ ಬಂದೆ. ಸ್ವಲ್ಪ ಹೊತ್ತು ಬೇರೇನಾದರೂ ಮಾಡಬೇಕಿತ್ತು.

ವಾರ್ಡನ್ ಕೆಲಸ ಅಂದರೆ ವಹಿಗಳ ಕೆಲಸ. ಹಾಜರಾತಿ, ದಾಸ್ತಾನು, ಆರೋಗ್ಯ ತಪಾಸಣೆಯ ದಿನ ಎತ್ತರ ಮತ್ತು ತೂಕ, ಪರೀಕ್ಷೆ ಆದ ಮೇಲೆ ಅಂಕ. ಇಸಬೆಲ್ಲಾ ಬರೆದಿಡುವುದೂ ಹೆಚ್ಚುಕಡಿಮೆ ಇವನ್ನೇ. ಒಂದೇ ಅಂಕಿ, ಒಂದೇ ಕಾಳಜಿ. ಯಾರಿಗಾಗಿ ಎನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಮಗುವಿನ ತೂಕ ಕಡಿಮೆಯಾದರೆ ನನಗೆ ಚಿಂತೆಯಾಗುತ್ತದೆ, ಅವಳಿಗೂ ಆಗುತ್ತದೆ. ಕಾಳಜಿಯನ್ನು ಹೊರಗಿನಿಂದ ನೋಡಿ ಅಳೆಯಲು ಆಗುವುದಿಲ್ಲ ಎನ್ನುವುದನ್ನು ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಓದಿಲ್ಲ. ಮಕ್ಕಳನ್ನು ನೋಡಿಕೊಳ್ಳುವ ಯಾರೇ ಆಗಲಿ, ವಾರ್ಡನ್, ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ, ಈ ಪುಸ್ತಕವನ್ನು ಓದಬೇಕು ಎಂದು ನಾನು ಹೇಳುವುದು ಇದೊಂದಕ್ಕೆ.

ನಮ್ಮೂರು ಮಳವಳ್ಳಿ ತಾಲ್ಲೂಕು. ಬನ್ನೂರು ಕುರಿ ಎಂದು ಜನ ಕರೆಯುವ, ಸರ್ಕಾರದ ಪುಸ್ತಕದಲ್ಲಿ ಮಂಡ್ಯ ತಳಿ ಎಂದು ಇರುವ ಕುರಿಯ ಸೀಮೆ. ಮೈ ಗಿಡ್ಡ, ಕೊಂಬಿಲ್ಲ, ಮಾಂಸದ ರುಚಿಗೆ ಹೆಸರುವಾಸಿ. ಟಗರನ್ನು ಮನೆ ಮುಂದೆಯೇ ಕಟ್ಟಿ, ಸೊಪ್ಪು ಹುಲ್ಲನ್ನು ಕೈಯಲ್ಲಿ ಮುದ್ದೆ ಮಾಡಿ ಅದರ ಬಾಯಿಗೆ ತುರುಕಿ ತಿನ್ನಿಸಿ ಕೊಬ್ಬಿಸುವುದು ಅಲ್ಲಿನ ಪದ್ಧತಿ. ನಮ್ಮವ್ವ ಹಾಗೆ ಸಾಕುತ್ತಿದ್ದಳು. ಹೆಸರಿಟ್ಟು ಕರೆಯುತ್ತಿದ್ದಳು, ಮೈ ತೊಳೆಯುತ್ತಿದ್ದಳು, ಒಂದು ಹೊತ್ತು ಮೇವು ಬಿಟ್ಟರೆ ತಾನೂ ಉಣ್ಣುತ್ತಿರಲಿಲ್ಲ. ಬಕ್ರೀದ್ ಹತ್ತಿರವಾದಾಗ ವ್ಯಾಪಾರಿಗಳು ಬಂದು ಬೆನ್ನು ಹಿಡಿದು ನೋಡುತ್ತಿದ್ದರು. ಅವ್ವ ಚೌಕಾಸಿ ಮಾಡಿ, ಹಣ ಎಣಿಸಿ, ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಆ ಹಣದಲ್ಲಿ ನನ್ನ ಕಾಲೇಜು ಫೀಸು ಕಟ್ಟಿದ್ದು. ಅವ್ವ ಟಗರಿಗೆ ತೋರಿಸಿದ ಪ್ರೀತಿ ನಾಟಕವಾಗಿರಲಿಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಇಸಬೆಲ್ಲಾಳನ್ನು ಓದುವಾಗ ನನಗೆ ಕಣ್ಣಿಗೆ ಕಟ್ಟಿದ್ದು ಆ ಸೆರಗಿನ ಗಂಟು. ಪ್ರೀತಿಯೂ ಲೆಕ್ಕವೂ ಒಂದೇ ಕೈಯಲ್ಲಿ ಇರಬಲ್ಲವು ಎಂದು ಕುರಿ ಸಾಕಿದ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಕೈ ಮಕ್ಕಳ ಮೇಲೆ ಬಿದ್ದಾಗ ಹೇಗಿರುತ್ತದೆ ಎಂದು ಈ ಪುಸ್ತಕ ತೋರಿಸಿತು.

ಇಸಬೆಲ್ಲಾ ಕೂಡ ಒಂದು ಕಾಲದಲ್ಲಿ ಅಂಥದ್ದೇ ಮನೆಯಲ್ಲಿ ಬೆಳೆದ ಹುಡುಗಿ. ಬದುಕಿ ಉಳಿಯಲು ಅವಳ ಮುಂದಿದ್ದ ಒಂದೇ ದಾರಿ ಅಮ್ಮನಾಗುವುದು. ಅವಳ ಬಾಲ್ಯಕ್ಕೆ ಕಥೆಗಾರರು ಕೊಟ್ಟಿರುವುದು ಕೆಲವೇ ಪುಟ, ಐದನೆಯ ಸಂಪುಟದಲ್ಲಿ. ಒಂದು ಹಾಡಿನ ಸುತ್ತ ಹೆಣೆದ ಆ ಪುಟಗಳು ಇಡೀ ಇಪ್ಪತ್ತು ಸಂಪುಟದಲ್ಲೇ ಶ್ರೇಷ್ಠ ಭಾಗ ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಹೆಚ್ಚು ಹೇಳಿದರೆ ನಿಮ್ಮ ಓದು ಕೆಡುತ್ತದೆ.

ಮಕ್ಕಳ ಕಡೆಗೆ ಬರೋಣ. ಎಮ್ಮಾ, ನಾರ್ಮನ್, ರೇ, ಮೂವರೂ ಹನ್ನೊಂದು ವರ್ಷದವರು, ಮೂವರೂ ಪೂರ್ತಿ ಅಂಕದವರು. ನಾರ್ಮನ್ ಮೂರು ಹೆಜ್ಜೆ ಮುಂದೆ ಯೋಚಿಸುವ ಹುಡುಗ. ರೇ ಓದಾಳಿ, ಸಿಡುಕ, ಆಗುವ ಕೆಲಸ ಆಗದ ಕೆಲಸ ಯಾವುದೆಂದು ಥಟ್ಟನೆ ಹೇಳುವವನು. ಎಮ್ಮಾ ಎಲ್ಲರನ್ನೂ ಕರೆದುಕೊಂಡೇ ಹೋಗಬೇಕು ಎಂದು ಹಟ ಹಿಡಿದವಳು. ಹಾಲುಗಲ್ಲದ ಕೂಸುಗಳೂ ಇರುವ ಮನೆ ಅದು. ಓಡಿ ಬದುಕುವುದೇ ಆದರೆ ಓಡಬಲ್ಲ ನಾಲ್ಕು ಜನ ಓಡೋಣ ಎನ್ನುತ್ತಾನೆ ರೇ, ಅವನ ಲೆಕ್ಕ ಸರಿಯಾಗಿಯೇ ಇದೆ. ಆದರೂ ಎಮ್ಮಾ ಒಪ್ಪುವುದಿಲ್ಲ. ಆ ಜಗಳ ನಾಟಕೀಯ ಭಾಷಣವಾಗಿ ಬರುವುದಿಲ್ಲ, ಮೂವರು ಮಕ್ಕಳು ಬಟ್ಟೆ ಒಣಗಿಸುತ್ತಾ, ಪಾತ್ರೆ ತೊಳೆಯುತ್ತಾ, ಪಿಸುಗುಟ್ಟುತ್ತಾ ನಡೆಸುವ ಮಾತಾಗಿ ಬರುತ್ತದೆ. ನನ್ನ ಹಾಸ್ಟೆಲಿನಲ್ಲೂ ಮುಖ್ಯ ಮಾತುಗಳೆಲ್ಲ ನಡೆಯುವುದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೇ.

ಅವರ ಪ್ಲಾನು ಬೆಳೆಯುವ ಬಗೆ ನೋಡಬೇಕು. ದಿನಾ ಆಡುವ ಮುಟ್ಟಾಟವನ್ನೇ ಚಿಕ್ಕ ಮಕ್ಕಳಿಗೆ ಓಡುವ, ಅಡಗುವ, ಜೊತೆಗೂಡಿ ಯೋಚಿಸುವ ತಾಲೀಮನ್ನಾಗಿ ಮಾಡುತ್ತಾರೆ, ಏತಕ್ಕೆಂದು ಹೇಳದೆಯೇ. ಗ್ರಂಥಾಲಯದ ಪುಸ್ತಕಗಳಲ್ಲಿ 2015ರ ನಂತರ ಅಚ್ಚಾದದ್ದು ಒಂದೂ ಇಲ್ಲ ಎಂಬುದನ್ನು ಗಮನಿಸುತ್ತಾರೆ. ಕಥೆ ನಡೆಯುವುದು 2045ರಲ್ಲಿ. ಕೆಲವು ಪುಸ್ತಕಗಳಲ್ಲಿ ವಿಲಿಯಂ ಮಿನರ್ವಾ ಎಂಬ ಹೆಸರಿನ, ಗೂಬೆ ಚಿತ್ರದ ಮುದ್ರೆ ಇದೆ. ಆ ಮುದ್ರೆಯ ಸುತ್ತಲಿನ ಗೆರೆಗಳು ಮೋರ್ಸ್ ಸಂಕೇತ, ಅಂದರೆ ಚುಕ್ಕೆ ಗೀಟುಗಳಲ್ಲಿ ಬರೆಯುವ ಅಕ್ಷರ, ಒಂದೊಂದು ಪುಸ್ತಕದಲ್ಲಿ ಒಂದೊಂದು ಎಚ್ಚರಿಕೆಯ ಪದ. ಹೊರಗಿನ ಯಾರೋ ಈ ಮಕ್ಕಳಿಗೆಂದು ಪುಸ್ತಕದೊಳಗೆ ಮಾತು ಬಚ್ಚಿಟ್ಟಿದ್ದಾರೆ! ಓದುವ ಅಭ್ಯಾಸ ಮಕ್ಕಳ ಜೀವ ಉಳಿಸುವ ಕಥೆ ಎಂದು ಯಾರಾದರೂ ಹೇಳಿದ್ದರೆ ಉಪದೇಶ ಎಂದುಕೊಳ್ಳುತ್ತಿದ್ದೆ. ಇಲ್ಲಿ ಅದು ಅಕ್ಷರಶಃ ನಡೆಯುತ್ತದೆ, ಉಪದೇಶದ ವಾಸನೆಯಿಲ್ಲದೆ.

ನಡುವೆ ಇನ್ನೊಂದು ಸಂಕಟ. ತಮ್ಮಲ್ಲೇ ಒಬ್ಬರು ಅಮ್ಮನಿಗೆ ಸುದ್ದಿ ಮುಟ್ಟಿಸುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ನಾರ್ಮನ್ ಹಗ್ಗ ಬಚ್ಚಿಟ್ಟ ಜಾಗವನ್ನು ಒಬ್ಬೊಬ್ಬರಿಗೆ ಒಂದೊಂದು ಥರ ಹೇಳಿ, ಯಾವ ಜಾಗದ ಹಗ್ಗ ಕಾಣೆಯಾಗುತ್ತದೆ ಎಂದು ಕಾಯುತ್ತಾನೆ. ಹನ್ನೊಂದು ವರ್ಷದ ಮಗು ತನ್ನ ಒಡಹುಟ್ಟಿದವರಂಥವರ ಮೇಲೆ ಹೀಗೆ ಬಲೆ ಹಾಕಬೇಕಾಗಿ ಬಂದಿದೆಯಲ್ಲ ಎಂದು ನನಗೆ ಕರುಳು ಚುರಕ್ ಎಂದಿತು. ರಾಕ್ಷಸರು ಈ ಮಕ್ಕಳಿಂದ ಕಿತ್ತುಕೊಂಡದ್ದರಲ್ಲಿ ಅದೂ ಒಂದು.

ಚಿತ್ರಗಳ ಬಗ್ಗೆ. ದೆಮಿಜು ಅವರದು ಎರಡು ಕೈ ಎನ್ನಿಸುತ್ತದೆ. ಮಕ್ಕಳನ್ನು ಬರೆಯುವಾಗ ದುಂಡು ಮುಖ, ದೊಡ್ಡ ಕಣ್ಣು, ಚಂದಮಾಮದ ಪುಟಗಳ ಮೃದುತನ. ಕಾಡು, ಗೋಡೆ, ರಾಕ್ಷಸರ ವಿಷಯ ಬಂದಾಗ ಗೆರೆಗಳು ದಟ್ಟವಾಗಿ, ಬೇರು ಬಿಟ್ಟಂತೆ ಪುಟದ ಅಂಚಿನವರೆಗೆ ಹಬ್ಬುತ್ತವೆ. ಮನೆಯ ಓಣಿಗಳನ್ನು ಮಗುವಿನ ಎತ್ತರದಿಂದ ನೋಡಿ ಬರೆದಿದ್ದಾರೆ. ಹಾಗಾಗಿ ಇಸಬೆಲ್ಲಾ ಬಾಗಿಲಲ್ಲಿ ನಿಂತರೆ ಅವಳು ಚಾವಣಿ ಮುಟ್ಟುವಂತೆ ಕಾಣುತ್ತಾಳೆ. ಮಾತೇ ಇಲ್ಲದ ಪುಟಗಳಿವೆ, ಅವೇ ಹೆಚ್ಚು ಕಾಡುತ್ತವೆ. ಕಪ್ಪು ಬಿಳುಪಿನಲ್ಲೇ ಇಷ್ಟು ಸಾಧ್ಯವೇ ಎಂದು ನಾನು ಪುಟ ತಿರುಗಿಸದೆ ಕೂತದ್ದುಂಟು.

ಒಂದು ವಿಷಯಕ್ಕೆ ಮಾತ್ರ ನನಗೆ ಕೋಪವಿದೆ. ಇಸಬೆಲ್ಲಾಳಿಗೆ ಸಹಾಯಕಿಯಾಗಿ ಕ್ರೋನ್ ಎಂಬ ಕಪ್ಪು ವರ್ಣದ ಹೆಂಗಸು ಬರುತ್ತಾಳೆ. ಪಾತ್ರವಾಗಿ ಅವಳು ಬಹಳ ಗಟ್ಟಿ: ಅಮ್ಮನ ಸ್ಥಾನ ತನಗೆ ಬೇಕು, ಅದು ಸಿಕ್ಕರಷ್ಟೇ ತನ್ನ ಜೀವ ಉಳಿಯುವುದು, ಅದಕ್ಕಾಗಿ ಮಕ್ಕಳ ಜೊತೆಗೇ ಒಪ್ಪಂದಕ್ಕೆ ಬರುತ್ತಾಳೆ. ಅವಳ ಕೊನೆಯ ಪುಟಗಳು ಮನಸ್ಸನ್ನು ಕಲಕುತ್ತವೆ. ಆದರೆ ಅವಳನ್ನು ಬರೆದಿರುವ ರೀತಿ, ದಪ್ಪ ತುಟಿ, ಅರಳಿದ ಕಣ್ಣು, ವಿಕಾರದ ನಗು, ಹಳೆಯ ಕಾಲದ ವ್ಯಂಗ್ಯಚಿತ್ರಗಳಲ್ಲಿ ಕಪ್ಪು ಜನರನ್ನು ಬರೆಯುತ್ತಿದ್ದ ರೀತಿಯೇ. ಬೇರೆ ದೇಶಗಳ ಓದುಗರೂ ಇದನ್ನು ಎತ್ತಿ ಆಡಿದ್ದಾರೆ. ಬಿಳಿ ಮೈಯ ಇಸಬೆಲ್ಲಾ ಮಾಡುವುದೂ ಅದೇ ಕೆಲಸ, ಅವಳಿಗೆ ಶಾಂತ ಸುಂದರ ಮುಖ. ‘ಕರಿ’ ಎಂದು ಕರೆಸಿಕೊಂಡು ಅಳುತ್ತಾ ಬರುವ ಹೆಣ್ಣುಮಕ್ಕಳನ್ನು ಸಮಾಧಾನ ಮಾಡುವ ಕೆಲಸ ನನ್ನದು. ಈ ಪುಟಗಳನ್ನು ಅವರ ಕೈಗೆ ಕೊಡುವಾಗ ನಾನು ಇದನ್ನು ಬಾಯಿಬಿಟ್ಟು ಹೇಳಿಯೇ ಕೊಡುತ್ತೇನೆ.

ಮೊದಲ ಐದು ಸಂಪುಟ ಮುಗಿಯುವ ಹೊತ್ತಿಗೆ ಗೋಡೆಯೊಳಗಿನ ಕಥೆ ಒಂದು ಹಂತಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಪುಸ್ತಕ ಬೇರೆಯದೇ ಆಗುತ್ತದೆ, ಕಾಡು, ಬೇಟೆ, ಯುದ್ಧ. ಹಲವರಿಗೆ ಇಲ್ಲಿ ಆಸಕ್ತಿ ಕುಂದುತ್ತದೆ, ಯಾಕೆಂದು ನನಗೆ ಅರ್ಥವಾಗುತ್ತದೆ. ಒಂದು ಮನೆ, ಒಬ್ಬಳು ಅಮ್ಮ, ಬೀಗ ಹಾಕಿದ ಒಂದು ಕೋಣೆ, ಇಷ್ಟರಲ್ಲಿ ಹುಟ್ಟುತ್ತಿದ್ದ ಬಿಗಿ ವಿಶಾಲ ಬಯಲಿನಲ್ಲಿ ಹುಟ್ಟುವುದಿಲ್ಲ. ಗೋಲ್ಡಿ ಪಾಂಡ್ ಎಂಬ ಜಾಗದ ಭಾಗ ಮಾತ್ರ ಅದಕ್ಕೆ ಹೊರತು. ಶ್ರೀಮಂತ ರಾಕ್ಷಸರು ಮೋಜಿಗಾಗಿ ಮಕ್ಕಳನ್ನು ಬೇಟೆಯಾಡುವ ಊರು ಅದು. ಬೇಟೆಗೆ ಮುನ್ನ ಸಂಗೀತ ಶುರುವಾಗುತ್ತದೆ, ಹಾಡು ನಿಂತಿತೆಂದರೆ ಬೇಟೆ ಶುರು. ಅಲ್ಲಿನ ಮಕ್ಕಳು ಸೇರಿ ಕಟ್ಟುವ ಪ್ರತಿರೋಧವನ್ನು ನಮ್ಮ ಹುಡುಗಿಯರು ಬಾಯಿಪಾಠ ಒಪ್ಪಿಸುವಂತೆ ಹೇಳುತ್ತಾರೆ.

ನನಗೆ ಎರಡನೆಯ ಅರ್ಧದಲ್ಲಿ ಹಿಡಿಸಿದ್ದು ಬೇರೆ. ಮನುಷ್ಯರನ್ನು ತಿನ್ನದಿದ್ದರೆ ಆ ರಾಕ್ಷಸರು ತಮ್ಮ ರೂಪ, ಬುದ್ಧಿ ಎಲ್ಲ ಕಳೆದುಕೊಂಡು ಕಾಡುಮೃಗವಾಗುತ್ತಾರೆ ಎಂದು ಗೊತ್ತಾಗುತ್ತದೆ. ಅವರಿಗೂ ಊರುಗಳಿವೆ, ಮಕ್ಕಳಿದ್ದಾರೆ, ಸಂತೆ ಇದೆ, ದೇವರಿದ್ದಾನೆ. ಸಾಕಿದ ಮನುಷ್ಯರನ್ನು ತಿನ್ನುವುದು ಪಾಪ ಎಂದು ನಂಬಿ ವ್ರತ ಹಿಡಿದವರೂ ಅವರಲ್ಲಿದ್ದಾರೆ. ಹಾಗಾದರೆ ಅವರನ್ನು ಬುಡಸಮೇತ ಅಳಿಸಿಹಾಕುವುದು ಸರಿಯೇ? ತನ್ನ ತಮ್ಮ ತಂಗಿಯರನ್ನು ತಿಂದವರ ಬಗ್ಗೆ ಈ ಪ್ರಶ್ನೆ ಕೇಳುವವಳು ಎಮ್ಮಾ. ಅವಳ ಪ್ರೀತಿಯ ಗೆಳೆಯರೇ ಅವಳ ಎದುರು ನಿಲ್ಲುತ್ತಾರೆ. ಟಗರು ಮಾರಿದ ಹಣದಲ್ಲಿ ಓದಿದವಳು ನಾನು, ಇವತ್ತಿಗೂ ಹಬ್ಬದಲ್ಲಿ ಬಾಡೂಟ ಉಣ್ಣುವವಳು. ತಿನ್ನುವವರ ಕಡೆ ನಿಂತು ಯೋಚಿಸುವಂತೆ ಒಂದು ಮಕ್ಕಳ ಪತ್ರಿಕೆಯ ಕಥೆ ನನ್ನನ್ನು ಕೂರಿಸಿತು. ಉತ್ತರವನ್ನು ಅದು ಸುಲಭ ಮಾಡಿಕೊಡಲಿಲ್ಲ, ಕೊನೆಯವರೆಗೆ ಅಲ್ಲದಿದ್ದರೂ ಬಹುದೂರದವರೆಗೆ.

ಕೊನೆಯವರೆಗೆ ಅಲ್ಲ ಎಂದೆ. ಹದಿನೆಂಟರಿಂದ ಇಪ್ಪತ್ತನೆಯ ಸಂಪುಟದವರೆಗೆ ಅವಸರ ಕಾಣುತ್ತದೆ. ಸಾವಿರ ವರ್ಷದ ಹಗೆ ಕೆಲವೇ ಅಧ್ಯಾಯಗಳಲ್ಲಿ ಕರಗುತ್ತದೆ, ಬಹಳ ಬೆಳೆಯಬಹುದಾಗಿದ್ದ ಕೆಲವು ಪಾತ್ರಗಳು ಬಂದಂತೆ ಹೋಗುತ್ತವೆ, ಎಲ್ಲಕ್ಕೂ ತೆರಬೇಕಾದ ಬೆಲೆಯನ್ನು ಒಬ್ಬಳ ತಲೆಗೆ ಕಟ್ಟುತ್ತಾರೆ. ಕೊನೆಯ ಅಧ್ಯಾಯ ನನ್ನನ್ನು ಅಳಿಸಿತು, ನಿಜ. ಆದರೆ ಇಸಬೆಲ್ಲಾಳ ಒಂದು ನಗುವಿಗೆ ಆರು ಪುಟ ಕೊಟ್ಟ ಕಥೆಗಾರರು ಇಲ್ಲೂ ಅಷ್ಟೇ ತಾಳ್ಮೆ ತೋರಬೇಕಿತ್ತು.

ಇದರ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿ, ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕ್ಲೋವರ್‌ವರ್ಕ್ಸ್ ಸ್ಟುಡಿಯೋ ಮಾಡಿದ ಮೊದಲ ಸರಣಿ, 2019ರದ್ದು, 12 ಕಂತು, ತುಂಬ ಚೆನ್ನಾಗಿದೆ. ಆ ಓಣಿಗಳಲ್ಲಿ ಕ್ಯಾಮೆರಾ ನಡೆದಂತೆ ಮಾಡಿರುವ ರೀತಿ, ಗಡಿಯಾರದ ಸದ್ದು, ಇಸಬೆಲ್ಲಾಳ ಹಾಡು, ಇವು ಪುಸ್ತಕದಲ್ಲಿ ಸಿಗುವುದಿಲ್ಲ. ಹಾಸ್ಟೆಲಿನ ಟೀವಿಯಲ್ಲಿ ಭಾನುವಾರ ಹಾಕಿದರೆ ಹುಡುಗಿಯರು ಬಟ್ಟೆ ನೆನೆಹಾಕಿದ್ದನ್ನೂ ಮರೆತು ಕೂರುತ್ತಾರೆ. 2021ರ ಎರಡನೆಯ ಸರಣಿಯನ್ನು ನೋಡಬೇಡಿ. ಹದಿನೈದು ಸಂಪುಟದ ಕಥೆಯನ್ನು 11 ಕಂತಿಗೆ ತುರುಕಿದ್ದಾರೆ, ಗೋಲ್ಡಿ ಪಾಂಡ್ ಅನ್ನು ಇಡಿಯಾಗಿ ಕೈಬಿಟ್ಟಿದ್ದಾರೆ, ಕೊನೆಗೆ ಬರಬೇಕಾದದ್ದನ್ನು ಸಾಲು ಸಾಲು ಚಿತ್ರಗಳಲ್ಲಿ ತೋರಿಸಿ ಮುಗಿಸಿದ್ದಾರೆ. ಮೊದಲ ಸರಣಿ ನೋಡಿ, ಐದನೆಯ ಸಂಪುಟದಿಂದ ಪುಸ್ತಕ ಹಿಡಿದರೂ ಆಗುತ್ತದೆ. ಆದರೆ ಅಂಥವರು ಎಮ್ಮಾ, ರೇ, ನಾರ್ಮನ್ ಮನಸ್ಸಿನೊಳಗೆ ಮಾಡುವ ಲೆಕ್ಕಾಚಾರವನ್ನು ಕಳೆದುಕೊಳ್ಳುತ್ತಾರೆ, ಅದು ಪುಸ್ತಕದಲ್ಲಿ ಮಾತ್ರ ಪೂರ್ತಿ ಇದೆ.

ಯಾರ ಕೈಗೆ ಕೊಡಬಹುದು? ವಿಜ್‌ನವರು ದೊಡ್ಡ ಹದಿಹರೆಯದವರಿಗೆ ಎಂದು ಗುರುತು ಹಾಕಿದ್ದಾರೆ. ನಾನು ಎಂಟನೇ ತರಗತಿಗಿಂತ ಕೆಳಗಿನವರಿಗೆ ಕೊಡುವುದಿಲ್ಲ. ರಕ್ತಕ್ಕಿಂತ ಹೆಚ್ಚಾಗಿ, ನೋಡಿಕೊಳ್ಳುವವರ ಮೇಲಿನ ನಂಬಿಕೆ ಅಲುಗಾಡುವ ಕಥೆ ಇದು. ಮನೆ ಬಿಟ್ಟು ಹೊಸದಾಗಿ ಹಾಸ್ಟೆಲಿಗೆ ಸೇರಿ ರಾತ್ರಿ ಅಳುವ ಐದನೇ ತರಗತಿಯ ಮಗುವಿಗೆ ಇದು ಬೇಡ. ದೊಡ್ಡ ಮಕ್ಕಳಿಗೆ ಕೊಟ್ಟರೆ ಓದಿದ ಮೇಲೆ ಕೂತು ಮಾತಾಡಬೇಕು. ನಾನು ಮಾತಾಡುತ್ತೇನೆ. ಒಮ್ಮೆ ಹುಡುಗಿಯೊಬ್ಬಳು, “ಮೇಡಂ, ಆ ಮಕ್ಳು ಯಾರ್ಗಾರ ಯೋಳ್ಬೋದಿತ್ತಲ್ವಾ?” ಎಂದು ಕೇಳಿದಳು. ಯಾರಿಗೆ? ಆ ಮನೆಗೆ ಬರುವವರೆಲ್ಲ ಆ ಮನೆಯ ಒಡೆಯರ ಕಡೆಯವರೇ. ಅಲ್ಲಿ ಮಕ್ಕಳ ಕಲ್ಯಾಣ ಸಮಿತಿ ಇಲ್ಲ, ಗೋಡೆಯ ಮೇಲೆ 1098 ಎಂದು ಬರೆದಿಲ್ಲ. ನಮ್ಮಲ್ಲಿ ಬರೆದಿದೆ; ಹಗಲು ರಾತ್ರಿ ಯಾವಾಗ ಬೇಕಾದರೂ ದುಡ್ಡಿಲ್ಲದೆ ಕರೆ ಮಾಡಬಹುದಾದ ಮಕ್ಕಳ ಸಹಾಯವಾಣಿ. ಆ ನಂಬರು ಯಾತಕ್ಕಿದೆ ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಈ ಪುಸ್ತಕ ಓದಿದ ಮೇಲೆ ಅವರೇ ನನಗೆ ಕೇಳಿದರು: ನಿಮ್ಮ ಮೇಲೇ ದೂರು ಹೇಳಬೇಕಾಗಿ ಬಂದರೆ ಹೇಳಬಹುದಾ ಎಂದು. ಹೇಳಬಹುದು, ಹೇಳಲೇಬೇಕು ಎಂದೆ. ಸಲಹಾ ಪೆಟ್ಟಿಗೆಯ ಬೀಗದ ಕೈ ಈಗ ನನ್ನ ಹತ್ತಿರ ಇಲ್ಲ, ತಪಾಸಣೆಗೆ ಬರುವವರ ಹತ್ತಿರವೇ ಇರುವಂತೆ ಮಾಡಿಸಿದ್ದೇನೆ.

ಪುಸ್ತಕ ತೋರಿಸಿದ ಆ ಪಿಯುಸಿ ಹುಡುಗಿಗೂ ನನಗೂ ಇಸಬೆಲ್ಲಾಳ ವಿಷಯದಲ್ಲಿ ಇನ್ನೂ ಒಪ್ಪಿಗೆಯಾಗಿಲ್ಲ. “ಅವ್ಳಿಗೂ ಕಷ್ಟ ಇತ್ತು ಅಂದ್ರೆ ಕೋನಿ ವಾಪಸ್ ಬತ್ತಾಳಾ ಮೇಡಂ?” ಎನ್ನುತ್ತಾಳೆ. ಅವಳ ಮಾತನ್ನು ತಳ್ಳಿಹಾಕಲು ನನ್ನಲ್ಲಿ ಏನೂ ಇಲ್ಲ. ಆದರೂ ಐದನೆಯ ಸಂಪುಟದ ಆ ಪುಟಗಳನ್ನು ಓದಿ ಇಸಬೆಲ್ಲಾಳನ್ನು ದ್ವೇಷಿಸಲು ನನ್ನಿಂದ ಆಗುವುದಿಲ್ಲ.

ಕೊಳ್ಳುವವರಿಗೆ ಒಂದು ಮಾತು. ಒಂದನ್ನೇ ಕೊಂಡು ನೋಡೋಣ ಎಂದುಕೊಳ್ಳಬೇಡಿ, ಮೊದಲ ಸಂಪುಟ ನಿಲ್ಲುವ ಜಾಗ ಅಂಥದ್ದು. ಐದನ್ನೂ ಒಟ್ಟಿಗೆ ತನ್ನಿ. ಅಲ್ಲಿಗೇ ನಿಲ್ಲಿಸಿದರೂ ಒಂದು ಪೂರ್ತಿ ಕಥೆ ಓದಿದಂತೆ ಆಗುತ್ತದೆ. ಮುಂದೆ ಹೋಗುವುದಾದರೆ ಹನ್ನೊಂದರವರೆಗೆ ಹೋಗಿ, ಗೋಲ್ಡಿ ಪಾಂಡ್ ಅಲ್ಲಿಗೆ ಮುಗಿಯುತ್ತದೆ. ಇಪ್ಪತ್ತಕ್ಕೂ ಸೇರಿ ಖರ್ಚು ಕಡಿಮೆಯಲ್ಲ, ನಾಲ್ಕು ಮನೆಯವರು ಸೇರಿ ಕೊಂಡು ಹಂಚಿಕೊಂಡು ಓದಿದರೆ ಭಾರವಾಗುವುದಿಲ್ಲ. ಕನ್ನಡಕ್ಕೆ ಯಾರಾದರೂ ತರಲಿ ಎಂಬ ಆಸೆ ನನಗಿದೆ. ಇಂಗ್ಲಿಷ್ ಅಷ್ಟು ಹತ್ತದ ನಮ್ಮ ಅಡುಗೆಯಕ್ಕ ಚಿತ್ರ ನೋಡಿಕೊಂಡೇ ಮೂರು ಸಂಪುಟ ತಿರುವಿಹಾಕಿ, ಮಿಕ್ಕ ಕಥೆಯನ್ನು ನನ್ನಿಂದ ಹೇಳಿಸಿಕೊಳ್ಳುತ್ತಿದ್ದಾರೆ.